ನೀರಿನ ಮೇಲೆ ಪಾರುಬಾಯಿಯ ನವಿಲು

ನಮ್ಮ ಗಲ್ಲಿಯಲ್ಲಿ ಅಂಜುಬುರುಕರಿಗೆ ಕೊರತೆಯಿಲ್ಲ. ನಾನೇ ಹಲ್ಲಿ ಬಿದ್ದರೆ ಅಂಗಡಿ ಬಿಟ್ಟು ರಸ್ತೆಗೆ ಬಂದು ನಿಲ್ಲುವ ಗಂಡಸು. ಆದರೆ ಪಾರುಬಾಯಿಯ ಅಂಜಿಕೆಯ ಜಾತಿಯೇ ಬೇರೆ. ಇಚಲಕರಂಜಿಯ ಈ ಗಲ್ಲಿಯಲ್ಲಿ ನನ್ನದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ, ಅವಳದು ಪಕ್ಕದಲ್ಲೇ ನೇಮ್‌ಪ್ಲೇಟಿನ ಅಂಗಡಿ. ನಡುವೆ ಒಂದೇ ಗೋಡೆ. ಹೊರಗೆ ನಾಲ್ಕು ಹನಿ ಬಿದ್ದರೆ ಸಾಕು, ಅವಳು ಯಂತ್ರ ನಿಲ್ಲಿಸಿ, ಮೊಣಕಾಲೂರಿ, ಹೊಸ್ತಿಲಿನಿಂದ ಒಳಗಿನ ತನಕ ಒಣಬಟ್ಟೆಯಲ್ಲಿ ನೆಲ ಒರೆಸುತ್ತಾಳೆ. ಗಿರಾಕಿ ಕೊಡೆ ಹಿಡಿದು ಬಂದರೆ ಕೊಡೆಯನ್ನೂ ಗಿರಾಕಿಯನ್ನೂ ಹೊರಗೇ ನಿಲ್ಲಿಸಿ ಮಾತಾಡುತ್ತಾಳೆ. ಅವಳ ಕುಡಿಯುವ ನೀರಿನ ಕೊಡ ಕೂಡ ಇರುವುದು ನನ್ನ ಅಂಗಡಿಯಲ್ಲಿ.

"ನೀರಡಿಕಿ ಆದಾಗ ಅಷ್ಟ ಈ ಕಾಕಾಸಾಹೇಬನ ನೆನಪ ಆಗತೈತಿ ನಿನಗ," ಎಂದು ನಾನು ಕೆಣಕಿದರೆ ಅವಳು ನಗುವುದಿಲ್ಲ.

"ನೀರು ಬ್ಯಾರೆ, ಕರೆಂಟ್ ಬ್ಯಾರೆ ಅಣ್ಣಾ. ಎರಡೂ ಒಂದ ಕ್ವಾಣ್ಯಾಗ ಇರಬಾರದು," ಎನ್ನುತ್ತಾಳೆ.

ಈ ಮಾತಿನ ಹಿಂದೆ ಏನಿದೆ ಎಂಬುದು ಗಲ್ಲಿಗೆಲ್ಲ ಗೊತ್ತು. ಅವಳ ಗಂಡ ಸಂಭಾಜಿ ಪಾವರ್‌ಲೂಮ್ ಕಾರಖಾನೆಯಲ್ಲಿ ಮಗ್ಗ ನಡೆಸುತ್ತಿದ್ದ. ಅದೇ ಕಾರಖಾನೆಯಲ್ಲಿ ಅವಳು ಕಾಂಡಿಗೆ, ಅಂದರೆ ಲಾಳಿಯೊಳಗಿನ ಕಡ್ಡಿಗೆ, ನೂಲು ತುಂಬುತ್ತಿದ್ದಳು. ಒಂದು ಮಳೆಗಾಲ ಗಟಾರು ಉಕ್ಕಿ ನೀರು ಒಳಗೆ ಬಂತು. ಮೋಟಾರಿನ ಮೈಗೆ ಕರೆಂಟು ಇಳಿದಿದ್ದು ಯಾರಿಗೂ ಗೊತ್ತಿರಲಿಲ್ಲ. ಸಂಭಾಜಿ ಅದರ ಮೇಲೆ ಕೈಯಿಟ್ಟ, ಕೈ ವಾಪಸು ಬರಲಿಲ್ಲ. ಪಾರುಬಾಯಿ ಅವನತ್ತ ಓಡಿದಾಗ ಜೊತೆಯ ಹೆಂಗಸರು ಅವಳ ನಡುವಿಗೆ ಕೈಹಾಕಿ ಹಿಡಿದರು. ಹಿಡಿಯದೆ ಇದ್ದರೆ ಅವಳೂ ಹೋಗುತ್ತಿದ್ದಳು. ಯಾರೋ ಹೊರಗೆ ಓಡಿ ಮೇನ್ ಸ್ವಿಚ್ ಇಳಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಗ ಮಗಳು ಕಾಜಲ ಇನ್ನೂ ಬಾಲವಾಡಿಗೆ ಹೋಗುತ್ತಿದ್ದಳು.

ಅದಾದ ಮೇಲೆ ಪಾರುಬಾಯಿ ಕಾರಖಾನೆಯ ಮೆಟ್ಟಿಲು ಹತ್ತಲಿಲ್ಲ. ಗಡಹಿಂಗ್ಲಜದಲ್ಲಿ ಅವಳ ಸೋದರಮಾವ ಲಗಮಣ್ಣ ಅಕ್ರಿಲಿಕ್ ಹಾಳೆ ಕತ್ತರಿಸಿ ನೇಮ್‌ಪ್ಲೇಟು, ಟ್ರೋಫಿ ಮಾಡುತ್ತಿದ್ದ. ಅವನ ಕೈಕೆಳಗೆ ಕೆಲಸ ಕಲಿತು ಬಂದು ಇಲ್ಲಿ ಅಂಗಡಿ ಹಾಕಿದಳು. ಲಗಮಣ್ಣ ಕಲಿಸಿದ್ದು ಹೀಗೆ: ಹಾಳೆ ಕತ್ತರಿಸಿದ ಮೇಲೆ ಅಂಚು ಮಂಜು ಕವಿದ ಗಾಜಿನ ಹಾಗಿರುತ್ತದೆ. ಗ್ಯಾಸಿನ ಸಣ್ಣ ಉರಿಯನ್ನು ಅದರ ಮೇಲೆ ಒಂದೇ ಸಮನೆ ಓಡಿಸಬೇಕು, ಆಗ ಅಂಚು ಕರಗಿ ತಿಳಿಯಾಗುತ್ತದೆ. ಕೊನೆಗೆ ಹತ್ತಿಬಟ್ಟೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಇಡೀ ತುಂಡನ್ನು ಒರೆಸಬೇಕು. ಗಿರಾಕಿಯ ಕೈಗೆ ಹೋಗುವ ವಸ್ತುವಿನ ಮೇಲೆ ನಮ್ಮ ಬೆರಳಿನ ಗುರುತು ಇರಬಾರದು ಎಂಬುದು ಆ ಮನೆತನದ ಕಟ್ಟಾಜ್ಞೆ. ಪಾರುಬಾಯಿ ಒಂದು ಸಲವೂ ಅದನ್ನು ತಪ್ಪಿಸಿದವಳಲ್ಲ. ಅವಳು ಸ್ಪಿರಿಟ್ ಬಾಟಲಿ ತೆರೆದರೆ ಗೋಡೆಯ ಈಚೆ ನನ್ನ ಮೂಗಿಗೂ ಗೊತ್ತಾಗುತ್ತಿತ್ತು, ಇನ್ನೊಂದು ಕೆಲಸ ಮುಗಿಯಿತು ಎಂದು.

ಆಮೇಲೆ ದೀಪದ ನೇಮ್‌ಪ್ಲೇಟುಗಳ ಕಾಲ ಬಂತು. ಹಾಳೆಯ ಮೇಲೆ ಹೆಸರು ಕೊರೆದು, ಅಂಚಿನಲ್ಲಿ ಎಲ್‌ಇಡಿ ಪಟ್ಟಿ ಕೂರಿಸಿದರೆ ಕೊರೆದ ಗೆರೆಗಳಷ್ಟೇ ಬೆಳಗುತ್ತವೆ, ಉಳಿದದ್ದು ಕಾಣುವುದೇ ಇಲ್ಲ. ಪಾರುಬಾಯಿಯ ಕೈಯಲ್ಲಿ ಅದು ಬಲು ಚೆನ್ನಾಗಿ ಕೂಡಿಬಂತು. ಕರೆಂಟಿಗೆ ಹೆದರುವವಳು ದೀಪ ಹಚ್ಚುವ ಕೆಲಸ ಹೇಗೆ ಮಾಡುತ್ತಾಳೆ ಎಂದು ನಾನು ಕೇಳಿದ್ದುಂಟು. ಪಟ್ಟಿಗೆ ಬರುವುದು ಬ್ಯಾಟರಿಯಷ್ಟೇ ಕರೆಂಟು, ಗೋಡೆಯ ಪ್ಲಗ್ಗಿಗೆ ಹಾಕುವುದು ಗಿರಾಕಿಯ ಕೆಲಸ, ತನ್ನದಲ್ಲ ಎಂದಳು. ಹೆದರಿಕೆ ಇದ್ದವರು ಲೆಕ್ಕಾಚಾರದಲ್ಲಿ ಭಾರೀ ಚುರುಕಾಗಿರುತ್ತಾರೆ.

ಕಾಜಲ ಬೆಳೆದಳು. ಬಟ್ಟೆಯ ವಿನ್ಯಾಸದಲ್ಲಿ ಡಿಪ್ಲೊಮಾ ಮಾಡಿ, ನಮ್ಮ ಗಲ್ಲಿಯ ತುದಿಯ ಕಟ್ಟಡದ ಎರಡನೇ ಮಹಡಿಯಲ್ಲಿರುವ ಪ್ರತೀಕನ ಸ್ಟುಡಿಯೋ ಸೇರಿದಳು. ಪ್ರತೀಕ ಹಳೆಯ ಜೈನ ಬಟ್ಟೆ ವ್ಯಾಪಾರಿಗಳ ಮನೆಯ ಹುಡುಗ. ಸೀರೆಯ ಅಂಚು, ಅಂಗಿಬಟ್ಟೆಯ ಚೌಕಳಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ನೇಯ್ದು ತೋರಿಸುವುದು ಅವನ ಧಂದೆ. ಕಾಜಲ ತಾಯಿಯಂತಲ್ಲ. ಮಳೆಯಲ್ಲಿ ನೆನೆಯುತ್ತಾ ಬರುತ್ತಾಳೆ, ಒದ್ದೆ ಕೈಯಲ್ಲಿ ಮೊಬೈಲ್ ಚಾರ್ಜಿಗೆ ಹಾಕುತ್ತಾಳೆ, ತಾಯಿ ಕೂಗಿದರೆ ನಗುತ್ತಾಳೆ. "ಇಕಿಗೆ ಅಂಜಿಕಿ ಅನ್ನೂದ ಗೊತ್ತಿಲ್ಲಣ್ಣಾ," ಎಂದು ಪಾರುಬಾಯಿ ನನ್ನ ಮುಂದೆ ಬೈದುಕೊಳ್ಳುತ್ತಿದ್ದಳು. ಆದರೆ ಆ ಬೈಗುಳದಲ್ಲಿ ಎಷ್ಟು ಸಮಾಧಾನವಿತ್ತು ಎಂಬುದು ಕೇಳಿದವರಿಗೆ ತಿಳಿಯುತ್ತಿತ್ತು.

ಹೋದ ವರ್ಷ ಜೂನಿನಲ್ಲಿ ಪ್ರತೀಕ ಅಂಗಡಿಗೆ ಬಂದ. ಕೈಯಲ್ಲಿ ಅಂಗೈಯಗಲದ ಒಂದು ತಾಮ್ರದ ಬಿಲ್ಲೆ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ, ಮುಚ್ಚಳಕ್ಕೆ ಎರಡು ತೂತು.

"ಮಾವಶಿ, ಇದಕ್ಕ ನೀವೊಂದು ಚಂದದ ಮುಚ್ಚಳ ಮಾಡಿ ಕೊಡಬೇಕ್ರಿ. ಇದರ ಮ್ಯಾಲಿನ ಕಂಪನಿ ಹೆಸರು ನೋಡಿ ನೋಡಿ ಸಾಕಾಗೇತಿ," ಎಂದ.

ಅವನ ಹೊಸ ದೊಡ್ಡ ಕಂಪ್ಯೂಟರಿನ ಒಂದು ಬದಿ ಗಾಜಿನದು, ಒಳಗಿನದೆಲ್ಲ ಕಾಣುತ್ತದೆ. ಅದರ ಮಿದುಳು, ಅಂದರೆ ಪ್ರೊಸೆಸರು, ಕೆಲಸ ಮಾಡುವಾಗ ಕಾದು ಕೆಂಡವಾಗುತ್ತದೆ. ಅದರ ನೆತ್ತಿಯ ಮೇಲೆ ಈ ತಾಮ್ರದ ಬಿಲ್ಲೆ ಕೂರುತ್ತದೆ. ಒಂದು ತೂತಿನಿಂದ ನೀರು ಒಳಗೆ ಬಂದು, ತಾಮ್ರದ ಬಿಸಿಯನ್ನು ಹೊತ್ತು, ಇನ್ನೊಂದು ತೂತಿನಿಂದ ಹೊರಗೆ ಹೋಗುತ್ತದೆ. ಅಜ್ಜನ ಕಾಲದಲ್ಲಿ ಅವರ ಬಟ್ಟೆಯ ಗಂಟುಗಳ ಮೇಲೆ ಒತ್ತುತ್ತಿದ್ದ ನವಿಲಿನ ಛಾಪನ್ನು ತಿಳಿ ಅಕ್ರಿಲಿಕ್ಕಿನ ಮುಚ್ಚಳದ ಮೇಲೆ ಕೊರೆದು, ಸುತ್ತ ಬಣ್ಣದ ದೀಪ ಕೂರಿಸಬೇಕು, ಅದೂ ನೀರಿನ ಮೇಲೆಯೇ ಬೆಳಗಬೇಕು ಎಂಬುದು ಅವನ ಆಸೆ. ಆಸೆಯೇನೋ ಚೆಲುವಾಗಿಯೇ ಇತ್ತು.

ಪಾರುಬಾಯಿ ಅವನು ಹೇಳಿದ್ದನ್ನೆಲ್ಲ ಕೇಳಿ ಒಂದು ಮಾತು ಕೇಳಿದಳು. "ಕಂಪ್ಯೂಟರ್‌ದಾಗ ನೀರು ಬಿಡ್ತೀರಿ?"

"ಹೌದ್ರಿ. ಬಂದೋಬಸ್ತ್ ಇರತೈತ್ರಿ, ಹೊರಗ ಬರಂಗಿಲ್ಲ."

"ಕಾಜಲ ಎಲ್ಲಿ ಕುಂದರತಾಳು?"

"ಅದರ ಬಾಜೂಕ್ರಿ. ಆಕೀನ ಅದರ ಮ್ಯಾಲೆ ಕೆಲಸ ಮಾಡೂದು."

"ನಾ ಒಲ್ಲೆ," ಎಂದು ಪಾರುಬಾಯಿ ಬಿಲ್ಲೆಯನ್ನು ಅವನ ಕಡೆ ತಳ್ಳಿದಳು. ಪ್ರತೀಕ ಐದು ವೋಲ್ಟು, ಹನ್ನೆರಡು ವೋಲ್ಟು ಎಂದು ಶುರು ಮಾಡಿದ. ಪೆಟ್ಟಿಗೆಯೊಳಗೆ ಓಡುವುದೆಲ್ಲ ಸಣ್ಣ ಕರೆಂಟು, ಅದರಿಂದ ಇರುವೆಯೂ ಸಾಯುವುದಿಲ್ಲ ಎಂದ. ಗೋಡೆಯಿಂದ ಪೆಟ್ಟಿಗೆಗೆ ಬರುವುದು ಎಷ್ಟು ಎಂದು ಅವಳು ಕೇಳಿದಾಗ ಅವನು ಬಿಲ್ಲೆ ಎತ್ತಿಕೊಂಡು ಹೊರಟ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಓದಿದ ಹುಡುಗ, ಕೆಲಸ ಕೊಡಲು ಬಂದವನನ್ನು ಹೀಗೆ ಕಳಿಸುವುದೇ ಎಂದು ನನಗೆ ಸಿಟ್ಟೇ ಬಂತು.

ಅಂದು ಸಂಜೆ ಕಾಜಲ ಬಂದು ತಾಯಿಯ ಎದುರು ಸ್ಟೂಲು ಹಾಕಿ ಕುಳಿತಳು.

"ಅವ್ವಾ, ನೀ ಒಲ್ಲೆ ಅಂದ್ರ ಪ್ರತೀಕ ದಾದಾ ಪುಣೇದಾಗ ಮಾಡಸ್ತಾರ. ಹೆಂಗಿದ್ರೂ ನೀರು ಬರೂದ. ನಾ ಯಾರೋ ಮಾಡಿದ್ದರ ಬಾಜೂಕ ಕುಂದರ್ಲೋ, ನೀ ಮಾಡಿದ್ದರ ಬಾಜೂಕ ಕುಂದರ್ಲೋ, ಅದನ್ನಷ್ಟ ಹೇಳು."

ಈ ಮಾತಿಗೆ ಯಾವ ತಾಯಿ ತಾನೇ ಏನು ಹೇಳಿಯಾಳು. ಪಾರುಬಾಯಿ ಒಪ್ಪಿದಳು.

ಆ ಮುಚ್ಚಳಕ್ಕೆ ಅವಳು ಪಟ್ಟ ಪಾಡು ಮದುವೆ ಮನೆಯವರೂ ಪಡುವುದಿಲ್ಲ. ಬೆರಳು ದಪ್ಪದ ಅಕ್ರಿಲಿಕ್ ಹಾಳೆ ತರಿಸಿದಳು. ಹಳೆಯ ಮುಚ್ಚಳದ ಅಳತೆಗೆ ಕಾಗದದ ಅಚ್ಚು ಮಾಡಿ, ತಪ್ಪಿ, ಮತ್ತೆ ಮಾಡಿದಳು. ನೀರು ಹೊರಬರದಂತೆ ತಡೆಯುವ ರಬ್ಬರಿನ ಉಂಗುರ ಕೂರುವ ಕಾಲುವೆಯನ್ನು ಕೊರೆಯುವಾಗ ಅಂಗಡಿಯ ಬಾಗಿಲು ಹಾಕಿಕೊಂಡಳು. ಕೊನೆಗೆ ನವಿಲು. ಛಾಪಿನ ಹಳೆಯ ಚಿತ್ರದಲ್ಲಿ ಅದರ ಗರಿಗಳೆಲ್ಲ ನೂಲಿನ ಎಳೆಗಳಾಗಿದ್ದವು. ಒಂದೊಂದು ಎಳೆಯನ್ನೂ ಒಂದೊಂದು ಆಳಕ್ಕೆ ಕೊರೆದಳು, ದೀಪ ಸುತ್ತುವಾಗ ಗರಿ ಬಿಚ್ಚಿದಂತೆ ಕಾಣಲಿ ಎಂದು. ಮೂಲೆಯ ತಿರುಪುಗಳೂ ದೀಪದ ವೈರುಗಳೂ ಕಣ್ಣಿಗೆ ಬೀಳದಂತೆ ಮೇಲೊಂದು ಕಪ್ಪು ಚೌಕಟ್ಟನ್ನೂ ಮಾಡಿದಳು. ಅದನ್ನು ಪ್ರತೀಕ ಕೇಳಿರಲಿಲ್ಲ, ಇವಳದೇ ಕೈಚಳಕ. ಎಲ್ಲ ಮುಗಿದ ಮೇಲೆ ಅಂಚಿಗೆ ಉರಿ ಓಡಿಸಿ, ಸ್ಪಿರಿಟ್ ಹಚ್ಚಿ ಒರೆಸಿದಳು. ವಾಸನೆ ನನ್ನ ಅಂಗಡಿಗೂ ಬಂತು.

ಕೂರಿಸಲು ಕೊಲ್ಹಾಪುರದಿಂದ ಹಾಲಸಿದ್ದ ಎಂಬ ಕಂಪ್ಯೂಟರ್ ಮೆಕ್ಯಾನಿಕ್ ಬಂದ. ನಿಧಾನಸ್ಥ. ಕಂಪ್ಯೂಟರಿಗೆ ಕರೆಂಟು ಕೊಡದೆ, ನೀರಿನ ಪಂಪನ್ನಷ್ಟೇ ಬೇರೆಯಾಗಿ ಓಡಿಸಿ, ಪ್ರತಿ ಸಂದಿಗೂ ಕೈ ಒರೆಸುವ ತೆಳು ಕಾಗದ ಸುತ್ತಿ ಒಂದು ದಿನವಿಡೀ ಬಿಟ್ಟ. ಕಾಗದ ಒಂದು ಚುಕ್ಕೆಯಷ್ಟೂ ನೆನೆಯಲಿಲ್ಲ. ಪಾರುಬಾಯಿಯನ್ನು ಕರೆದು ತೋರಿಸಿದರು. ಅವಳು ಬಾಗಿಲಲ್ಲಿ ನಿಂತೇ ಒಣ ಕಾಗದವನ್ನು ಕೈಗೆ ತೆಗೆದುಕೊಂಡು, ಕೆನ್ನೆಗೆ ಒತ್ತಿ ನೋಡಿ, ಹಿಂದಕ್ಕೆ ಕೊಟ್ಟಳು. ಆಮೇಲೆ ಹಾಲಸಿದ್ದ ದೀಪ ಹಚ್ಚಿದ. ನಾನೂ ಹೋಗಿದ್ದೆ. ಸುಳ್ಳೇಕೆ ಹೇಳಲಿ, ಮೈ ಜುಮ್ಮೆಂದಿತು. ನೀರಿನ ಸಣ್ಣ ಗುಳ್ಳೆಗಳು ಕೆಳಗೆ ಓಡುತ್ತಿವೆ, ಅದರ ಮೇಲೆ ನೀಲಿ ಹಸಿರಾಗಿ, ಹಸಿರು ಹೊಂಬಣ್ಣವಾಗಿ ನವಿಲು ಗರಿ ಬಿಚ್ಚುತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾರುಬಾಯಿ ಮಾತ್ರ ಕಾಜಲಳ ಕುರ್ಚಿಗೂ ಆ ಪೆಟ್ಟಿಗೆಗೂ ಎಷ್ಟು ಅಂತರವಿದೆ ಎಂದು ನೋಡುತ್ತಿದ್ದಳು. ಅಂತರ ಮೊಳದಷ್ಟೂ ಇರಲಿಲ್ಲ.

ಪ್ರತೀಕ ಫೋಟೊ ತೆಗೆದು ಮೊಬೈಲಿನಲ್ಲಿ ಹಂಚಿದ. ಕೊಲ್ಹಾಪುರದಿಂದ, ಗಡಹಿಂಗ್ಲಜದಿಂದ ಕೂಡ ತಮಗೂ ಇಂಥದೇ ಬೇಕು ಎಂದು ಫೋನು ಬಂದವು. ನನಗೆ ಖುಷಿಯೋ ಖುಷಿ. ಪಾರುಬಾಯಿ ಮಾತ್ರ ಸಂಜೆ ಕಾಜಲ ಮನೆಗೆ ಬಂದೊಡನೆ ಕೇಳುವ ಮೊದಲ ಮಾತು, "ನೀರು ಹೆಂಗೈತಿ?" ಎಂದಾಗಿತ್ತು. ಊಟ ಮಾಡಿದೆಯಾ ಎಂಬುದು ಎರಡನೆಯದು. ಗಲ್ಲಿಯಲ್ಲಿ ನಾವು ಆ ಮಾತನ್ನೇ ಹಿಡಿದುಕೊಂಡೆವು. ದಾರಿಯಲ್ಲಿ ಸಿಕ್ಕರೆ, "ಏನ್ ಪಾರುಬಾಯಿ, ನೀರು ಹೆಂಗೈತಿ?" ಎನ್ನುವುದು. ಅವಳೂ ನಿಧಾನವಾಗಿ ಸ್ವಲ್ಪ ಸ್ವಲ್ಪ ನಗಲು ಕಲಿತಳು.

ಶ್ರಾವಣ ಮುಗಿಯುತ್ತಾ ಬಂದಿತ್ತು. ಅಂದು ಬೆಳಗ್ಗೆ ಆಜರಾ ಊರಿನ ಗೋಡಂಬಿ ವ್ಯಾಪಾರಿಯೊಬ್ಬರು ತಮ್ಮ ದೀಪದ ನೇಮ್‌ಪ್ಲೇಟನ್ನು ವಾಪಸು ತಂದು ಕೊಟ್ಟು ಹೋದರು. ಒಂದು ಅಕ್ಷರ ಕಳಚಿ ಬಿದ್ದಿತ್ತು, ಅಂಟಿಸಿಕೊಡಬೇಕಿತ್ತು. ಪಾರುಬಾಯಿ ಅದನ್ನು ಬೆಳಕಿಗೆ ಹಿಡಿದವಳು ಹಾಗೆಯೇ ನಿಂತುಬಿಟ್ಟಳು. ನಾನು ನೀರು ಕುಡಿಯಲು ಬಾ ಎಂದು ಕರೆಯಲು ಹೋಗಿದ್ದೆ.

"ಅಣ್ಣಾ, ಇಲ್ಲಿ ನೋಡ್ರಿ," ಎಂದಳು.

ಮೂಲೆಯ ತಿರುಪು ಕೂರುವ ತೂತಿನ ಸುತ್ತ ಕೂದಲಿನಷ್ಟು ಸಣ್ಣ ಬಿರುಕುಗಳು. ಒಂದು ಎರಡಲ್ಲ, ತೂತಿನಿಂದ ಎಲ್ಲ ದಿಕ್ಕಿಗೂ ಹೊರಟಿದ್ದವು.

"ಬಿಸಲಿಗೆ ಬಿಟ್ಟಿರತೈತಿ ತಗೊ," ಎಂದೆ.

"ಇವರು ಇದನ್ನ ಒಳಗಿನ ಖೋಲ್ಯಾಗ ಹಾಕಿದ್ರಣ್ಣಾ. ಅಲ್ಲಿ ಬಿಸಲು ಇಲ್ಲ."

ಇಂಥ ಬಿರುಕನ್ನು ಅವಳು ಮೊದಲೂ ಕಂಡಿದ್ದಳಂತೆ. ಲಗಮಣ್ಣನೂ ಬಿಸಿಲು ಎಂದೇ ಹೇಳುತ್ತಿದ್ದನಂತೆ. ಗೋಡೆಯ ಮೇಲಿನ ಹೆಸರಿಗೆ ಕೂದಲೆಳೆಯ ಬಿರುಕು ಬಂದರೆ ಯಾರಿಗೇನು ನಷ್ಟ? ಯಾರೂ ಆ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಪಾರುಬಾಯಿ ಎರಡು ಚೂರು ಅಕ್ರಿಲಿಕ್ ತೆಗೆದುಕೊಂಡಳು. ಎರಡಕ್ಕೂ ತೂತು ಹಾಕಿದಳು, ಎರಡರ ಅಂಚಿಗೂ ಉರಿ ತೋರಿಸಿದಳು. ಒಂದನ್ನು ಮಾತ್ರ ಸ್ಪಿರಿಟ್‌ನಿಂದ ಒರೆಸಿದಳು. ಎರಡನ್ನೂ ಒಂದೇ ಹಲಗೆಗೆ ತಿರುಪು ಹಾಕಿ ಬಿಗಿದು ಮೇಜಿನ ಮೇಲಿಟ್ಟಳು. ನಾನು ಚಹಾ ತರಿಸಿದೆ. ಚಹಾ ಆರುವಷ್ಟರಲ್ಲಿ, ಒರೆಸಿದ ಚೂರಿನ ತೂತಿನಿಂದ ಒಂದು ಬಿಳಿ ಗೆರೆ ಹೊರಟಿತು. ಅದು ಹೊರಡುವುದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಇನ್ನೊಂದು. ಒರೆಸದ ಚೂರು ಹೇಗಿತ್ತೋ ಹಾಗೇ ತಿಳಿಯಾಗಿತ್ತು.

ಉರಿ ತಾಗಿದ ಅಕ್ರಿಲಿಕ್ಕಿಗೆ ಸ್ಪಿರಿಟ್ ಆಗಿಬರುವುದಿಲ್ಲ. ಬೆರಳಿನ ಗುರುತು ಉಳಿಯಬಾರದೆಂಬ ಆ ಮನೆತನದ ಶಿಸ್ತೇ ಒಳಗೊಳಗೆ ಪ್ರತಿ ತುಂಡನ್ನೂ ಸೀಳುತ್ತಾ ಬಂದಿತ್ತು. ಇಷ್ಟು ದಿನ ಅದು ಗೋಡೆಯ ಮೇಲಿತ್ತು. ಈಗ ಒಂದು ತುಂಡಿನ ಕೆಳಗೆ ನೀರು ಓಡುತ್ತಿದೆ. ಅದೂ ಬಿಸಿ ನೀರು. ತಿರುಪುಗಳ ಮೇಲೆ ಇವಳೇ ಮಾಡಿದ ಕಪ್ಪು ಚೌಕಟ್ಟು ಕೂತಿದೆ, ಬಿರುಕು ಬಿಟ್ಟರೂ ಯಾರಿಗೂ ಕಾಣುವುದಿಲ್ಲ.

"ಕಾಜಲಗ ಫೋನ್ ಹಚ್ರಿ," ಎಂದಳು. ತನ್ನ ಮೊಬೈಲನ್ನು ನನ್ನ ಕೈಗೆ ತುರುಕಿದಳು. ನಾನು ಹಚ್ಚಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದೆ. ಸ್ಟುಡಿಯೋದಲ್ಲಿ ಕೆಲಸದ ಹೊತ್ತಿಗೆ ಮೊಬೈಲುಗಳನ್ನೆಲ್ಲ ಡ್ರಾಯರಿನಲ್ಲಿ ಇಡುತ್ತಾರೆ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ಆ ಗಂಟೆ ಕೇಳುತ್ತಾ ನಿಲ್ಲುವುದು ದೊಡ್ಡ ಶಿಕ್ಷೆ. ಪ್ರತೀಕನ ಫೋನೂ ಅಷ್ಟೇ.

ಹೊರಗೆ ಮಳೆ ಹಿಡಿದಿತ್ತು. ಪಾರುಬಾಯಿ ಕೊಡೆ ತೆಗೆದುಕೊಳ್ಳಲಿಲ್ಲ, ಅಂಗಡಿ ಮುಚ್ಚಲಿಲ್ಲ. ನಾನು ಅವಳ ಹಿಂದೆ ಓಡಿದೆ. ಗಲ್ಲಿಯ ಎರಡೂ ಬದಿಯ ಮಗ್ಗಗಳ ಸದ್ದಿನಲ್ಲಿ ಅವಳು ಏನೋ ಹೇಳುತ್ತಾ ಹೋಗುತ್ತಿದ್ದಳು. ಹತ್ತಿರ ಹೋದಾಗ ಕೇಳಿಸಿತು: "ನಾನ ಮಾಡೇನಿ, ನಾನ ಮಾಡೇನಿ." ಹಾದಿ ಅಷ್ಟೇನೂ ಉದ್ದವಿಲ್ಲ. ಆದರೆ ಆ ಹಾದಿಯಲ್ಲಿ ನನ್ನ ಕಣ್ಣಮುಂದೆ ಏನೇನು ಬಂತು ಎಂದು ಬರೆಯಲಾರೆ. ಎದುರಿಗೆ ಯಾರಾದರೂ ಓಡಿ ಬರುತ್ತಾರೇನೋ, ಆ ಕಟ್ಟಡದ ಕೆಳಗೆ ಜನ ಕೂಡಿರುತ್ತಾರೇನೋ ಎಂದು ಕಣ್ಣು ಅಲ್ಲೇ ನೆಟ್ಟಿತ್ತು. ಜನ ಕೂಡಿರಲಿಲ್ಲ. ಮೆಟ್ಟಿಲ ಬಳಿ ಒಂದು ನಾಯಿ ಮಳೆಗೆ ಮುದುಡಿ ಮಲಗಿತ್ತು.

ಸ್ಟುಡಿಯೋದ ಬಾಗಿಲಿನ ಹೊರಗೆ ಎಲ್ಲರ ಚಪ್ಪಲಿಗಳಿದ್ದವು. ಅಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗುವ ರೂಢಿ. ಕಾಜಲ ತನ್ನ ಕುರ್ಚಿಯಲ್ಲಿ ಕುಳಿತಿದ್ದಳು. ಪರದೆಯ ಮೇಲೆ ಯಾವುದೋ ಸೀರೆಯ ಅಂಚು. ಅವಳ ಮೊಣಕೈಯ ಬದಿಗೆ ಗಾಜಿನಾಚೆ ನವಿಲು ಯಾವಾಗಿನಂತೆ ಬಣ್ಣ ಬದಲಿಸುತ್ತಾ ಉರಿಯುತ್ತಿತ್ತು. ನನಗೆ ಅದನ್ನು ಕಂಡು ಮೊದಲ ಸಲ ಅಸಹ್ಯವಾಯಿತು.

"ಕಾಜಲ, ಏಳು ಅಲ್ಲಿಂದ," ಎಂದಳು ಪಾರುಬಾಯಿ ಬಾಗಿಲಿನಿಂದಲೇ.

ಪ್ರತೀಕ ಎದ್ದು ಬಂದ. ನಾನು ಉಸಿರು ಬಿಡುತ್ತಾ ನಡೆದದ್ದನ್ನು ಹೇಳಿದೆ. ಅವನು ಬಾಗಿ ಗಾಜಿನೊಳಗೆ ನೋಡಿದ, ಪೆಟ್ಟಿಗೆಯ ತಳವನ್ನು ನೋಡಿದ.

"ಎಲ್ಲಾ ಒಣಾ ಐತ್ರಿ ಮಾವಶಿ. ಕೊಲ್ಹಾಪುರದ ಪಾರ್ಟಿಗೆ ಸಂಜೀಕ ಡಿಸೈನ್ ಕೊಡಬೇಕು, ಮಷೀನ್ ಲೆಕ್ಕಾ ಮಾಡಾಕತ್ತೈತಿ. ಈಗ ಬಂದ್ ಮಾಡಿದ್ರ ಮೊದಲಿಂದ ಮಾಡಬೇಕಾಗತೈತಿ. ಸಂಜೀಕ ಬಂದ್ ಮಾಡಿ ಹಾಲಸಿದ್ದಗ ತೋರಸ್ತೇನಿ, ನಿಮ್ಮಾಣಿ."

"ನಾ ಮಾಡಿದ್ದು ಒಡದೈತಿ. ನನಗ ಗೊತ್ತೈತಿ."

"ಅವ್ವಾ, ಸುಮ್ಕಿರು," ಎಂದಳು ಕಾಜಲ. ಅವಳ ಮುಖ ಕೆಂಪಾಗಿತ್ತು. ಜೊತೆಯ ಹುಡುಗಿಯರು ಕೆಲಸ ಬಿಟ್ಟು ನೋಡುತ್ತಿದ್ದರು. "ಸಂಜೀತನಕ ಏನ್ ಆಗೂದಿಲ್ಲ. ನೀ ಮನಿಗೆ ನಡಿ."

"ಸಂಜೀತನಕ ನೀ ಅಲ್ಲಿ ಕುಂದರಬ್ಯಾಡ."

"ಮತ್ತ ಯಾರು ನೋಡ್ಕೋಬೇಕು ಇದನ್ನ?"

ಪಾರುಬಾಯಿ ಒಳಗೆ ನಡೆದು ಬಂದಳು. ಮಗಳ ತೋಳು ಹಿಡಿದು ಎಬ್ಬಿಸಿದಳು. ಸೀರೆಯಿಂದ ನೀರು ಇಳಿಯುತ್ತಿತ್ತು. ಒದ್ದೆ ಮೈಯಲ್ಲಿ, ತಾನು ಬಾಗಿಲಿನಾಚೆಯಿಂದಲೇ ನೋಡಿ ಹೋಗುತ್ತಿದ್ದ ಆ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ತಾನೇ ಕುಳಿತಳು. "ನಾ ಕುಂದರತೇನಿ ಸಂಜೀತನಕ. ಏನ್ ಆಗೂದು ನನಗ ಆಗಲಿ," ಎಂದಳು. ಕಣ್ಣು ಮುಚ್ಚಿಕೊಂಡಿದ್ದಳು. ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ಮಳೆಯ ಚಳಿಗಲ್ಲ. ಅವಳನ್ನು ಎಬ್ಬಿಸಲು ನನಗಾಗಲಿ, ಪ್ರತೀಕನಿಗಾಗಲಿ ಧೈರ್ಯ ಬರಲಿಲ್ಲ. ಕಾಜಲ ಮಾತ್ರ ಕುರ್ಚಿಯ ಬೆನ್ನು ಹಿಡಿದು, "ಅವ್ವಾ, ಏಳು. ನೀ ತೊಯ್ದಿ, ಏಳು," ಎಂದು ಹೇಳುತ್ತಲೇ ಇದ್ದಳು. ಅವಳ ದನಿ ಬದಲಾಗಿತ್ತು.

ಪಾರುಬಾಯಿ ಕಣ್ಣು ತೆರೆದಳು. ಕಾಲನ್ನು ಒಮ್ಮೆ ಅತ್ತಿತ್ತ ಆಡಿಸಿ, ಬಗ್ಗಿ ಮೇಜಿನ ಕೆಳಗೆ ನೋಡಿದಳು. ನಾನೂ ಬಗ್ಗಿದೆ. ಅಲ್ಲೊಂದು ಮರದ ಮಣೆ ಇತ್ತು. ಮಣೆಯ ಮೇಲೆ ದಪ್ಪ ರಬ್ಬರಿನ ಚಾಪೆಯ ತುಂಡು ಹಾಸಿತ್ತು. ರಬ್ಬರು ಎರಡು ಹಿಮ್ಮಡಿ ಊರುವ ಜಾಗದಲ್ಲಿ ಸವೆದು ನುಣುಪಾಗಿತ್ತು. ಕುರ್ಚಿಯ ನಾಲ್ಕು ಕಾಲಿಗೂ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿತ್ತು. ಬೇರೆ ಯಾರ ಮೇಜಿನ ಕೆಳಗೂ ಅಂಥದ್ದು ಇರಲಿಲ್ಲ.

"ಇದು ಯಾರದು?" ಎಂದು ಕೇಳಿದಳು.

ಕಾಜಲ ಕುರ್ಚಿಯ ಬೆನ್ನು ಬಿಟ್ಟು ಹಿಂದೆ ಸರಿದಳು. ಪ್ರತೀಕನೇ ಹೇಳಿದ. "ಕಾಜಲಂದ್ರಿ. ಕೆಲಸಕ್ಕ ಬಂದ ಮೊದಲನೇ ದಿವಸಾನ ತಂದಿದ್ಲು. ಕಾಲು ನೋಯ್ತಾವ ಅಂತ ಹೇಳಿದ್ಲು."

ರಬ್ಬರು, ಒಣ ಮರ ಎರಡನ್ನೂ ಕರೆಂಟು ದಾಟುವುದಿಲ್ಲ. ಹೇಳಿದವನಿಗೇ ತಾನು ಹೇಳಿದ್ದು ಏನೆಂದು ಆಗ ಹೊಳೆಯಿತು ಎಂದು ಕಾಣುತ್ತದೆ. ಅವನು ಕಾಜಲಳ ಬರಿಗಾಲನ್ನು ನೋಡಿದ. ಆಮೇಲೆ ಯಾರನ್ನೂ ಕೇಳದೆ ಹೋಗಿ ಕಂಪ್ಯೂಟರ್ ಬಂದ್ ಮಾಡಿ, ಗೋಡೆಯ ಸ್ವಿಚ್ಚನ್ನೂ ತೆಗೆದ. ಪಂಪು ನಿಂತಿತು, ನವಿಲು ಕಪ್ಪಾಯಿತು. ಗಾಜು ಬಿಚ್ಚಿ, ಚೌಕಟ್ಟು ತೆಗೆದು, ತೆಳು ಕಾಗದದ ತುದಿಯನ್ನು ಮೂಲೆಯ ತಿರುಪಿಗೆ ಮುಟ್ಟಿಸಿದ. ತಿರುಪಿನಿಂದ ಹೊರಟ ಬಿರುಕು ರಬ್ಬರಿನ ಉಂಗುರವನ್ನು ದಾಟಿತ್ತು. ಕಾಗದದ ತುದಿ ಒದ್ದೆಯಾಯಿತು. ಅವನು ಅದನ್ನು ನನಗೆ ತೋರಿಸಿದ.

ಪಾರುಬಾಯಿ ಅತ್ತ ನೋಡಲೇ ಇಲ್ಲ. ಮಗಳನ್ನೇ ನೋಡುತ್ತಿದ್ದಳು.

"ನಿನಗ ಅಂಜಿಕಿ ಇಲ್ಲ ಅಂತ ತಿಳಕೊಂಡಿದ್ದೆ," ಎಂದಳು. "ನನ್ನ ಅಂಜಿಕಿ ನನ್ನ ಜೋಡೀನ ಹೋಗತೈತಿ ಅಂತ ತಿಳಕೊಂಡಿದ್ದೆ."

ಕಾಜಲ ಅಳುತ್ತಿದ್ದಳು. ತೊಡೆಗೆ ಕೈ ಒರೆಸಿಕೊಂಡು, ತಾಯಿಯ ಒದ್ದೆ ಹೆಗಲ ಮೇಲೆ ಕೈಯಿಟ್ಟಳು.

"ದಿನಾ ಅಂಜತೇನಿ ಅವ್ವಾ. ಸ್ವಿಚ್ ಒತ್ತೂ ಮುಂದ ದಿನಾ ಅಂಜತೇನಿ. ನಿನ್ನ ಮುಂದ ಅಂಜಿದ್ರ ನೀ ನನ್ನ ಎಲ್ಲೀ ಹೋಗಾಕ ಬಿಡತಿದ್ದಿಲ್ಲ."

ಪಾರುಬಾಯಿ ಮಣೆಯ ಮೇಲಿನಿಂದ ತನ್ನ ಕಾಲು ತೆಗೆದು ನೆಲದ ಮೇಲೆ ಊರಿ, ಮಣೆಯನ್ನು ಮಗಳು ನಿಂತಿದ್ದ ಕಡೆಗೆ ಸರಿಸಿದಳು.